ಕಾಲು ನಡೆಯಿತು, ತಲೆಗೆ ಬಿಡುವಿರಲಿಲ್ಲ: ತುಮಕೂರಿನ ಒಂದು ಆಪ್ತಸಲಹೆ ಪ್ರಕರಣ

ಐವತ್ತರ ಆಸುಪಾಸಿನ ಗಂಡಸು. ಸಹಕಾರ ಸಂಘವೊಂದರಲ್ಲಿ ಲೆಕ್ಕಪತ್ರದ ಕೆಲಸ. (ಗುರುತು ಹತ್ತದಂತೆ ವಯಸ್ಸು, ಉದ್ಯೋಗ, ಮನೆಯವರ ವಿವರ ಬದಲಿಸಿದೆ.)

ಬಂದದ್ದು ನಿದ್ದೆಯ ತೊಂದರೆ ಹೇಳಿಕೊಂಡು. ಹಾಸಿಗೆಗೆ ಹೋದರೂ ಕಣ್ಣು ಹತ್ತುವುದಿಲ್ಲ, ತಲೆ ಭಾರ, ಸಣ್ಣದಕ್ಕೂ ಸಿಡುಕು. "ವಾಕಿಂಗ್ ಒಂದು ದಿನಾನೂ ತಪ್ಸಲ್ಲ ಮೇಡಂ, ಆದ್ರೂ ಮನಸ್ಸು ಹಗುರ ಆಗಲ್ಲ." ದಿನಾ ಬೆಳಿಗ್ಗೆ ಅಮಾನಿಕೆರೆಯಲ್ಲಿ ಒಂದು ಗಂಟೆ ನಡೆಯುತ್ತಾರೆ. ಆ ಒಂದು ಗಂಟೆಯಲ್ಲಿ ಏನೇನು ಆಗುತ್ತದೆ ಎಂದು ಬಿಡಿಸಿ ಕೇಳಿದಾಗ ಗಂಟು ಸಿಕ್ಕಿತು. ಮನೆಯ ಗೇಟು ದಾಟುವಾಗಲೇ ಕಿವಿಗೆ ಇಯರ್‌ಫೋನ್. ಮೊದಲರ್ಧ ಯೂಟ್ಯೂಬಿನ ರಾಜಕೀಯ ಚರ್ಚೆ, ನಡುವೆ ಭಾವಮೈದುನನ ಫೋನು, ಆಮೇಲೆ ಮನೆಯವರ ವಾಟ್ಸಾಪ್ ಗ್ರೂಪಿನ ವಾಯ್ಸ್ ಮೆಸೇಜು, ಕೊನೆಯ ಸುತ್ತು ವಾಕಿಂಗ್ ಗೆಳೆಯರ ಜೊತೆ ಮತ್ತದೇ ರಾಜಕೀಯ.

ನಿದ್ದೆ ಕೆಡಿಸಿದ್ದು ಜಮೀನು. ವಸಂತನರಸಾಪುರದ ಕಡೆ ಪಿತ್ರಾರ್ಜಿತ ಭೂಮಿಯಿದೆ, ಕೈಗಾರಿಕಾ ಪ್ರದೇಶ ಬಂದಮೇಲೆ ರೇಟು ಏರಿದೆ. ಅಣ್ಣನಿಗೆ ಮಾರುವ ಆತುರ. ಇವರ ನಿಲುವು ಮಾತ್ರ ಆ ದಿನ ಕೊನೆಗೆ ಯಾರ ಮಾತು ಕಿವಿಗೆ ಬಿತ್ತೋ ಅವರದ್ದು. ಜಮೀನಿನ ಬಗ್ಗೆ ಅನ್ನಿಸಿದ್ದನ್ನೆಲ್ಲ ಒಂದು ಹಾಳೆಯಲ್ಲಿ ಬರೆಸಿ, ಪ್ರತಿ ಸಾಲಿನ ಪಕ್ಕ 'ಇದು ಯಾರು ಹೇಳಿದ್ದು' ಎಂದು ಗುರುತು ಹಾಕಿಸಲಾಯಿತು. ಅಣ್ಣ, ಭಾವಮೈದುನ, ಬ್ರೋಕರು, ಟಿ.ವಿ. 'ನಾನು' ಎಂದು ಬಿದ್ದದ್ದು ಒಂದೇ ಸಾಲಿಗೆ: "ಅಪ್ಪ ನೆಟ್ಟ ಹುಣಸೆ ಮರ ಹೋಗುತ್ತೆ."

ನಡೆಯುವಾಗ ಫೋನಿನ ಮಾತು ಗಮನವನ್ನು ಎಷ್ಟು ನುಂಗುತ್ತದೆ ಎಂಬುದಕ್ಕೆ ಒಂದು ಪ್ರಯೋಗವಿದೆ. ಅಮೆರಿಕದ ವೆಸ್ಟರ್ನ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಆವರಣದಲ್ಲಿ ಐರಾ ಹೈಮನ್ ಮತ್ತು ಸಂಗಡಿಗರು ಕೋಡಂಗಿ ವೇಷದವನೊಬ್ಬನನ್ನು ಒಂಟಿ ಚಕ್ರದ ಸೈಕಲ್ ಮೇಲೆ ಓಡಾಡಿಸಿದರು. ಫೋನಿನಲ್ಲಿ ಮಾತಾಡುತ್ತಾ ಹೋದವರಲ್ಲಿ ಅವನನ್ನು ಕಂಡವರು ಶೇ. 25ರಷ್ಟು ಮಾತ್ರ. ಇಬ್ಬರು ಜೊತೆಯಾಗಿ ನಡೆದವರಲ್ಲಿ ಶೇ. 71ರಷ್ಟು ಮಂದಿ ಕಂಡಿದ್ದರು. ಹಾಡು ಕೇಳುತ್ತಿದ್ದವರೂ ಅಷ್ಟೇನೂ ಹಿಂದೆ ಬಿದ್ದಿರಲಿಲ್ಲ. ಹಾಗಾಗಿ ಹಾಡಿನ ಮೇಲೆ, ಪಕ್ಕದಲ್ಲಿ ನಡೆಯುವವರ ಮೇಲೆ ತಪ್ಪು ಹೊರಿಸಿ ಪ್ರಯೋಜನವಿಲ್ಲ. ಈ ವ್ಯಕ್ತಿಗೆ ಮಾತ್ರ ಹಾಡಿಗಿಂತ ಚರ್ಚೆ ಅಪಾಯ, ಏಕೆಂದರೆ ಅವರ ಕಾಯಿಲೆಯೇ ಬೇರೆಯವರ ಅಭಿಪ್ರಾಯ.

ಕೊಟ್ಟ ಸಲಹೆ ಇದು. ಮೊದಲ ವಾರ ಬರೀ 15 ನಿಮಿಷದ ಮೌನ ನಡಿಗೆ, ಉಳಿದ ಹೊತ್ತು ಹಳೆಯ ರೂಢಿಯಂತೆ. ಆಮೇಲೆ ವಾರಕ್ಕೆ ಐದೈದು ನಿಮಿಷ ಏರಿಸುವುದು. ದಾರಿ ಒಂದೇ ಇರಲಿ, ಸುತ್ತು ಹಾಕಿ ಮರಳುವಂಥದ್ದು. 'ಎತ್ತ ಹೋಗಲಿ' ಎಂಬ ಯೋಚನೆಯೇ ಬೇಡ. ಬಿ.ಎಚ್. ರಸ್ತೆ ಬೇಡವೇ ಬೇಡ, ಅಲ್ಲಿ ಗಮನವೆಲ್ಲ ವಾಹನದ ಮೇಲೆ. ಫುಟ್‌ಪಾತ್ ಇಲ್ಲದ ರಸ್ತೆಯಲ್ಲಿ ಕೆರೆಗೆ ಬರಬೇಕಾದರೆ ಎದುರು ಬರುವ ವಾಹನ ಕಾಣುವಂತೆ ಬಲಬದಿಯಲ್ಲಿ ನಡೆಯಬೇಕು. ಮನೆಯಲ್ಲಿ ವಯಸ್ಸಾದ ತಾಯಿ ಇರುವುದರಿಂದ ಫೋನು ಬಿಟ್ಟುಹೋಗಲು ಅವರು ಒಪ್ಪಲಿಲ್ಲ. ಡು ನಾಟ್ ಡಿಸ್ಟರ್ಬ್ ಹಾಕಿ, ಹೆಂಡತಿಯ ನಂಬರಿಗೆ ಮಾತ್ರ ರಿಂಗಾಗುವಂತೆ ಮಾಡಿ, ಬೆನ್ನಿನ ಚೀಲಕ್ಕೆ ಸೇರಿಸಿದ್ದಾಯಿತು. ಶರ್ಟಿನ ಜೇಬಿನಲ್ಲಿದ್ದರೆ ಕೈ ತಾನಾಗಿ ಹೋಗುತ್ತದೆ. ಹೆಜ್ಜೆ ಎಣಿಸುವ ವಾಚೂ ಮನೆಯಲ್ಲೇ. 10,000 ಹೆಜ್ಜೆಯ ಗುರಿ 1960ರ ದಶಕದಲ್ಲಿ ಜಪಾನಿನ ಹೆಜ್ಜೆಮಾಪಕದ ಮಾರಾಟದ ಜೊತೆ ಹುಟ್ಟಿದ್ದು, ಅದಕ್ಕೆ ಇಲ್ಲಿ ಕೆಲಸವಿಲ್ಲ. ಗೆಳೆಯರನ್ನು ಬಿಡುವ ಅಗತ್ಯವೂ ಇಲ್ಲ. "ಮೊದಲ ಸುತ್ತು ನಾನೊಬ್ನೇ, ಎರಡನೇ ಸುತ್ತಿಗೆ ಸಿಗ್ತೀನಿ" ಎಂದರೆ ಯಾರೂ ಮುನಿಸಿಕೊಳ್ಳುವುದಿಲ್ಲ.

ಎರಡನೇ ಭೇಟಿಗೆ ಬಂದಾಗ ಮುಖ ಇನ್ನೂ ಬಾಡಿತ್ತು. "ಮೊದಲೇ ಚೆನ್ನಾಗಿತ್ತು ಮೇಡಂ. ಈಗ ಸುತ್ತು ಪೂರ್ತಿ ಅಣ್ಣನ ಜೊತೆ ಜಗಳ."

ಇದು ಆಗುವಂಥದ್ದೇ. ಇಯರ್‌ಫೋನಿನ ಸದ್ದು ಮುಚ್ಚಿಟ್ಟಿದ್ದ ಜಗಳ ಮೌನದಲ್ಲಿ ಮೇಲೆ ಬರುತ್ತದೆ. ಯೋಚನೆಗೂ ಮೆಲುಕಿಗೂ ವ್ಯತ್ಯಾಸ ತಿಳಿಯಲು ಸುಲಭದ ಗುರುತು: ಅದೇ ವಾಕ್ಯ ಮೂರನೇ ಸಲ ಬಂದರೆ ಅದು ಮೆಲುಕು. ಆಗ ಒಳಗೇ 'ಜಗಳ' ಎಂದು ಒಂದು ಪದದ ಹೆಸರಿಟ್ಟು, ದೂರದ ಒಂದು ದೀಪದ ಕಂಬ ಗುರುತಿಸಿಕೊಂಡು ಅಲ್ಲಿವರೆಗೆ ಚುರುಕಾಗಿ ನಡೆಯಬೇಕು, ನಾಲ್ಕು ಹೆಜ್ಜೆಗೆ ಉಸಿರು ಒಳಗೆ, ಐದು ಹೆಜ್ಜೆಗೆ ಹೊರಗೆ. ಕಂಬ ಮುಟ್ಟಿದ ಮೇಲೆ ಅಲ್ಲಿ ಕಾಣುವ ಮೂರು ವಸ್ತು ನೋಡುವುದು: ನೀರುಕಾಗೆ, ಕಿತ್ತುಹೋದ ಬೆಂಚು, ಏನಾದರೂ ಸರಿ. ಜಗಳವನ್ನು ಬಲವಂತವಾಗಿ ಒತ್ತಿಹಿಡಿದರೆ ಇನ್ನೂ ಜೋರಾಗುತ್ತದೆ. ಎರಡು ಕಂಬ ದಾಟಿದರೂ ಬಿಡದಿದ್ದರೆ ಆ ದಿನಕ್ಕೆ ಸಾಕು, ಗೆಳೆಯರ ಜೊತೆ ಸೇರಿಕೊಳ್ಳಬಹುದು.

ಮನೆಗೆ ಬಂದು, ಕಾಫಿ, ಪೇಪರ್, ಫೋನು ಮುಟ್ಟುವ ಮೊದಲು ಮೂರು ಸಾಲು ಬರೆಯಬೇಕು. ಈ ಹೊತ್ತು ನನಗೇನನ್ನಿಸುತ್ತದೆ. ಏನು ಗೊತ್ತಾದರೆ ಇದು ಬದಲಾಗಬಹುದು. ಎದುರಿನವರ ಯಾವ ಮಾತಿಗೆ ನನ್ನಲ್ಲಿ ಉತ್ತರವಿಲ್ಲ. ಹೆಚ್ಚಿನವರು ಮೊದಲ ಸಾಲು ಬರೆದು ಸ್ವತಂತ್ರರಾದೆವು ಎಂದುಕೊಳ್ಳುತ್ತಾರೆ. ಮೂರನೆಯದು ತಪ್ಪಿದರೆ ಅದು ಬರೀ ಹಟ.

ಮೂರನೇ ಸಾಲಿಗೆ ಸರಕು ಬೇಕಲ್ಲ, ಅದಕ್ಕೆ ಅಣ್ಣನ ಮನೆಗೆ ಹೋಗಬೇಕಾಯಿತು. ಅರ್ಧ ಗಂಟೆ, ಬರೀ ಪ್ರಶ್ನೆ. ಅಣ್ಣ ಹೇಳಿದ್ದನ್ನೇ ತಮ್ಮ ತಿರುಗಿ ಹೇಳಿ, "ಹ್ಞೂಂ ಕಣೋ, ಅದೇ ನಾನ್ ಹೇಳಿದ್ದು" ಅನ್ನುವವರೆಗೆ ಎದುರು ಮಾತಾಡುವಂತಿಲ್ಲ. ಬೋರ್‌ವೆಲ್ ಬತ್ತಿದೆ, ಇಬ್ಬರ ಮಕ್ಕಳೂ ಬೇಸಾಯ ಮಾಡುವವರಲ್ಲ: ಈ ಎರಡಕ್ಕೂ ಇವರಲ್ಲಿ ಉತ್ತರವಿರಲಿಲ್ಲ, ಹಾಗೇ ಬರೆದುಕೊಂಡರು. ಇನ್ನೊಂದು ದಿನದ ಹಾಳೆಯಲ್ಲಿ ಎರಡೇ ಪದ: "ತಂಗಿಯ ಸಹಿ?" 2005ರ ಹಿಂದೂ ಉತ್ತರಾಧಿಕಾರ ತಿದ್ದುಪಡಿಯಂತೆ ಪಿತ್ರಾರ್ಜಿತದಲ್ಲಿ ಹೆಣ್ಣುಮಕ್ಕಳಿಗೂ ಸಮಪಾಲು. ಅಷ್ಟು ಜನ ಸಲಹೆ ಕೊಟ್ಟರು, ಗುಬ್ಬಿಯಲ್ಲಿರುವ ಆಕೆಯನ್ನು ಯಾರೂ ಕೇಳಿರಲಿಲ್ಲ. ಕಾಗದಪತ್ರದ ವಿಷಯಕ್ಕೆ ವಕೀಲರನ್ನು ಕಾಣಲು ತಿಳಿಸಲಾಯಿತು.

ಎಲ್ಲರಿಗೂ ನಡಿಗೆಯೊಂದೇ ಸಾಲದು. ಎರಡು ವಾರಕ್ಕೂ ಮೀರಿ ನಿದ್ದೆ, ಊಟ ಕೆಟ್ಟು ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ಮನೋವೈದ್ಯರನ್ನು ಕಾಣಬೇಕು. ಬದುಕು ಬೇಡವೆನಿಸಿದರೆ ಒಂದು ದಿನವೂ ಕಾಯಬಾರದು. ಸರ್ಕಾರದ ಮಾನಸಿಕ ಆರೋಗ್ಯ ಸಹಾಯವಾಣಿ ಟೆಲಿ ಮಾನಸ್ 14416ಕ್ಕೆ ಉಚಿತವಾಗಿ ಕರೆಮಾಡಿ ಕನ್ನಡದಲ್ಲೇ ಮಾತಾಡಬಹುದು.

ಜಮೀನು ಮಾರಿಲ್ಲ, ಮಾರುವುದಿಲ್ಲ ಎಂದೂ ತೀರ್ಮಾನವಾಗಿಲ್ಲ. ನಿದ್ದೆ ಸುಧಾರಿಸಿದೆ. ಚರ್ಚೆ ಕೇಳುವುದು ಸಂಜೆಯ ಅರ್ಧ ಗಂಟೆಗೆ ಇಳಿದಿದೆ, ಅದರಲ್ಲಿ ತಮಗೆ ಒಪ್ಪದ ಚಾನೆಲ್ಲೂ ಒಂದಿರಬೇಕೆಂಬುದು ಷರತ್ತು. ಮುಂದಿನ ಭೇಟಿಗೆ ತಂಗಿ ಏನೆಂದರು ಎಂಬುದನ್ನು ಅವರದೇ ಮಾತಿನಲ್ಲಿ ಬರೆದು ತರಲು ಹೇಳಿದೆ.