ಮೊದಲು ದನಿ, ಆಮೇಲೆ ಮಾತು: ಮಾಯಾ ಸಕಾಮೊಟೊ

ನೀವು ಕೇಳಿದ್ದು ಇದು: ಮಾಯಾ ಸಕಾಮೊಟೊ ಅವರನ್ನು ಕೆಲವರು ಅನಿಮೆಗೆ, ಅಂದರೆ ಜಪಾನಿನ ಕಾರ್ಟೂನ್ ಚಿತ್ರ-ಸರಣಿಗಳಿಗೆ, ದನಿ ಕೊಡುವವರು ಅನ್ನುತ್ತಾರೆ, ಕೆಲವರು ಗಾಯಕಿ ಅನ್ನುತ್ತಾರೆ, ಯಾವುದು ಸರಿ? ಹೊಸದಾಗಿ ಕೇಳುವವರು ಎಲ್ಲಿಂದ ಶುರು ಮಾಡಬೇಕು?

ಎರಡೂ ಸರಿ. ಆದರೆ ಅಷ್ಟು ಹೇಳಿ ಎದ್ದುಹೋದರೆ ನನಗೇ ಸಮಾಧಾನವಾಗುವುದಿಲ್ಲ. ಹದಿನೈದು ವರ್ಷದಿಂದ ಈ ದನಿಯ ಬೆನ್ನುಬಿದ್ದವನು ನಾನು. ಸ್ವಲ್ಪ ಉದ್ದಕ್ಕೇ ಹೇಳುತ್ತೇನೆ.

ಮೊದಲ ಸಲ ಕೇಳಿದ್ದು ಎಂಜಿನಿಯರಿಂಗ್ ಹಾಸ್ಟೆಲಿನಲ್ಲಿ. ರೂಮ್‌ಮೇಟ್ ತಂದ ಹಾರ್ಡ್‌ಡಿಸ್ಕಿನಲ್ಲಿ 'ಎಸ್ಕಾಫ್ಲೋನೆ' ಎಂಬ ಹಳೆಯ ಅನಿಮೆ ಸರಣಿ ಇತ್ತು. ಓಡುವುದರಲ್ಲಿ ಚುರುಕಾದ, ಟ್ಯಾರೋ ಕಾರ್ಡ್ ನೋಡಿ ಭವಿಷ್ಯ ಹೇಳುವ ಹಿತೋಮಿ ಎಂಬ ಶಾಲಾ ಹುಡುಗಿ ಬೇರೊಂದು ಲೋಕಕ್ಕೆ ಹೋಗಿಬಿಡುತ್ತಾಳೆ. ಅಲ್ಲಿ ನಿಂತು ತಲೆ ಎತ್ತಿದರೆ ಆಕಾಶದಲ್ಲಿ ನಮ್ಮ ಚಂದ್ರನ ಪಕ್ಕ ಭೂಮಿಯೂ ಕಾಣುತ್ತದೆ. ಜಪಾನಿ ಭಾಷೆಯ ಒಂದು ಪದವೂ ಗೊತ್ತಿರಲಿಲ್ಲ, ಕೆಳಗಿನ ಅಕ್ಷರ ಓದಿಕೊಂಡು ನೋಡುತ್ತಿದ್ದೆ. ಮೂರನೆಯದೋ ನಾಲ್ಕನೆಯದೋ ಕಂತಿನ ಹೊತ್ತಿಗೆ ಕಿವಿಗೆ ಏನೋ ತಟ್ಟಿತು. ಶುರುವಿನ ಹಾಡು ಹಾಡುತ್ತಿರುವ ದನಿಯೂ ಹಿತೋಮಿಯ ದನಿಯೂ ಒಂದೇ. ಹಾಡು ನಿಲ್ಲಿಸಿ ವಾಪಸ್ ಹೋಗಿ ಮತ್ತೆ ಕೇಳಿದೆ. ಹೌದು, ಒಬ್ಬರೇ. ಹಾಡುವಾಗ ಬೇರೆಯ, 'ಚೆಂದದ' ದನಿ ಹಾಕಿಕೊಂಡಿರಲಿಲ್ಲ. ಮಾತಾಡುತ್ತಿದ್ದ ಹುಡುಗಿಯೇ ಮಾತು ನಿಲ್ಲಿಸಿ ಹಾಡಲು ಶುರುಮಾಡಿದ ಹಾಗಿತ್ತು.

ಆ ಹಾಡು 'ಯಾಕುಸೊಕು ವಾ ಇರಾನಾಯ್'. ಕನ್ನಡದಲ್ಲಿ ಹೇಳುವುದಾದರೆ 'ಮಾತು ಕೊಡುವುದು ಬೇಡ'. ಅದು ಹೊರಬಂದದ್ದು 1996ರ ಏಪ್ರಿಲ್‌ನಲ್ಲಿ, ಸರಣಿ ಟಿವಿಯಲ್ಲಿ ಶುರುವಾದ ತಿಂಗಳಲ್ಲೇ. ಮಾಯಾ ಅವರು ಹುಟ್ಟಿದ್ದು 1980ರ ಮಾರ್ಚ್ 31ರಂದು, ಟೋಕಿಯೋದಲ್ಲಿ. ಅಂದರೆ ಆಗ ಅವರಿಗೆ ಬರೀ ಹದಿನಾರು. ಮಕ್ಕಳ ನಾಟಕ ತಂಡದಲ್ಲಿ ಬೆಳೆದು, ವಿದೇಶಿ ಚಿತ್ರಗಳ ಮಕ್ಕಳ ಪಾತ್ರಗಳಿಗೆ ದನಿ ಕೊಡುತ್ತಾ ಬಂದಿದ್ದವರು. ಮುಖ್ಯ ಪಾತ್ರವೂ ಮೊದಲ ಸಿಂಗಲ್ಲೂ ಒಂದೇ ಸಲ ಕೈಗೆ ಬಂದವು. ಸಂಗೀತ ಯೊಕೊ ಕನ್ನೊ ಅವರದು, ಸಾಹಿತ್ಯ ಯುಹೊ ಇವಾಸಾತೊ ಅವರದು.

ಹೆಸರಿನ ಬಗ್ಗೆ ಒಂದು ಮಾತು. ಕನ್ನಡದವರು ಮಾಯಾ ಅಂದಕೂಡಲೇ ಮಾಯೆ, ಭ್ರಮೆ ಅಂದುಕೊಳ್ಳುತ್ತೇವೆ. ಜಪಾನಿ ಲಿಪಿಯಲ್ಲಿ ಇವರ ಹೆಸರಿನ ಮೊದಲ ಅಕ್ಷರಕ್ಕೆ 'ನಿಜ' ಎಂದು ಅರ್ಥ, ಎರಡನೆಯದು ರೇಷ್ಮೆ ನೇಯ್ಗೆಯ ಒಂದು ವಿನ್ಯಾಸದ ಹೆಸರು. ಈ ದನಿಗೆ ಇದಕ್ಕಿಂತ ಒಪ್ಪುವ ಹೆಸರು ನನಗೆ ಹೊಳೆಯುವುದಿಲ್ಲ.

ನಿಮ್ಮ ಪ್ರಶ್ನೆಯ ಗಂಟು ಬಿಡಿಸಲು ಅಲ್ಲಿನ ಪದವೇ ಸಾಕು. ನಮ್ಮಲ್ಲಿ ಕಂಠದಾನ ಅನ್ನುತ್ತೇವೆ, ಕಂಠವನ್ನು ಇನ್ನೊಬ್ಬರಿಗೆ ದಾನ ಮಾಡುವುದು. ಜಪಾನಿನ ಪದ 'ಸೇಯೂ', ಅಂದರೆ ದನಿಯ ನಟ ಅಥವಾ ನಟಿ. ದಾನದ ಮಾತಿಲ್ಲ, ಅದು ನಟನೆಯೇ. ಅನಿಮೆಯ ರೆಕಾರ್ಡಿಂಗ್‌ಗೆ ಅವರು 'ಅಫುರೆಕೊ' ಅನ್ನುತ್ತಾರೆ, ಚಿತ್ರ ಮೊದಲು, ದನಿ ಆಮೇಲೆ. ಒಂದೇ ಕೋಣೆಯಲ್ಲಿ ಮೂರು ನಾಲ್ಕು ಮೈಕ್, ಗೋಡೆಗುಂಟ ಕೂತ ಕಲಾವಿದರು. ಸರದಿ ಬಂದವರು ಎದ್ದು ಖಾಲಿ ಮೈಕ್ ಹತ್ತಿರ ಹೋಗಿ ಸ್ಕ್ರಿಪ್ಟ್ ಹಿಡಿದು ನಿಲ್ಲಬೇಕು, ಪರದೆ ನೋಡಬೇಕು, ಹಾಳೆ ತಿರುಗಿಸಿದ ಸದ್ದು ಮೈಕಿಗೆ ಬೀಳಬಾರದು, ಮಾತು ಮುಗಿಸಿ ಪಕ್ಕದವರಿಗೆ ಜಾಗ ಬಿಡಬೇಕು. ಎಷ್ಟೋ ಸಲ ಚಿತ್ರ ಪೂರ್ತಿ ಆಗಿರುವುದೂ ಇಲ್ಲ, ಬರೀ ಪೆನ್ಸಿಲ್ ಗೆರೆಗಳನ್ನು ನೋಡಿಕೊಂಡು ಅಳಬೇಕು, ನಗಬೇಕು. ಸಂಭಾವನೆ ಕಲಾವಿದರ ಶ್ರೇಣಿಯ ಮೇಲೆ ನಿಂತಿದೆ; ಕಂತಿನಲ್ಲಿ ಒಂದು ಸಾಲಿರಲಿ ನೂರು ಸಾಲಿರಲಿ, ಹಣ ಅಷ್ಟೇ. ಹಾಡು, ರೇಡಿಯೊ, ಗೇಮ್, ನಿರೂಪಣೆ, ವಿದೇಶಿ ಚಿತ್ರಗಳ ಡಬ್ಬಿಂಗ್ ಎಲ್ಲವೂ ಸೇರಿಯೇ ಒಬ್ಬ ಸೇಯೂನ ಬದುಕು ನಡೆಯುವುದು.

ಹಾಗಾಗಿ ಹಾಡುವ ಸೇಯೂಗಳು ಜಪಾನಿನಲ್ಲಿ ಬಹಳ ಜನ. ಮಾಯಾ ಅವರನ್ನು ನಾನು ಬೇರೆಯಾಗಿ ಇಡುವುದು ಒಂದೇ ಕಾರಣಕ್ಕೆ. ಬೇರೆಯವರು ಬರೆದುಕೊಟ್ಟ ಮಾತನ್ನು ಹೇಳುವ ಕೆಲಸದಿಂದ ಶುರುಮಾಡಿ, ತಮ್ಮದೇ ಮಾತನ್ನು ತಾವೇ ಬರೆದು ಹಾಡುವ ತನಕ ಅವರು ನಡೆದ ದಾರಿ ಒಂದೊಂದು ಹೆಜ್ಜೆಯಾಗಿ ನಮ್ಮ ಕಿವಿಗೆ ಕೇಳಿಸುತ್ತದೆ.

1997ರ 'ಗ್ರೇಪ್‌ಫ್ರೂಟ್', 1998ರ 'ಡೈವ್', 2001ರ 'ಲೂಸಿ', 2003ರ 'ಶೋನೆನ್ ಆಲಿಸ್', ಈ ಆಲ್ಬಂಗಳೆಲ್ಲ ಕನ್ನೊ ಅವರ ನೆರಳಿನಲ್ಲಿ ಬಂದವು. ನೆರಳು ಎಂದದ್ದು ತಂಪಿನ ಅರ್ಥದಲ್ಲೇ. ಜಾಝ್, ವಾದ್ಯವೃಂದ, ರಾಕ್ ಯಾವುದಕ್ಕೂ ಹಿಂಜರಿಯದ ಸಂಯೋಜಕಿಯ ಕೈಯಲ್ಲಿ ಒಂದು ಎಳೆಯ ದನಿ ಹದಗೊಂಡ ಕಾಲ ಅದು. ಸಾಹಿತ್ಯದಲ್ಲೂ ಮಾಯಾ ಅವರು ಆಗಾಗ ಕೈಯಾಡಿಸುತ್ತಿದ್ದರು. ಆಮೇಲೆ ಇಬ್ಬರ ದಾರಿ ಕೆಲಕಾಲ ಬೇರೆಯಾಯಿತು. ಕನ್ನೊ ಇಲ್ಲದೆ, ಬೇರೆ ಬೇರೆ ಸಂಯೋಜಕರ ಜೊತೆ ಮಾಡಿದ 'ಯೂನಾಗಿ ಲೂಪ್' 2005ರಲ್ಲಿ ಬಂತು. ಅಭಿಮಾನಿಗಳಲ್ಲಿ ಇಂದಿಗೂ ಕನ್ನೊ ಕಾಲದ್ದೇ ಶ್ರೇಷ್ಠ ಎನ್ನುವವರು ಇದ್ದಾರೆ. ನನಗೆ ಹಾಗನ್ನಿಸುವುದಿಲ್ಲ. 'ಯೂನಾಗಿ ಲೂಪ್' ಕೇಳುವಾಗ ತವರು ಬಿಟ್ಟು ಬಂದವಳು ಹೊಸ ಮನೆಯಲ್ಲಿ ತನ್ನ ಪಾತ್ರೆಗಳನ್ನು ತಾನೇ ಜೋಡಿಸಿಕೊಳ್ಳುವ ಸದ್ದು ಕೇಳುತ್ತದೆ. 2008ರಲ್ಲಿ 'ಮ್ಯಾಕ್ರಾಸ್ ಫ್ರಾಂಟಿಯರ್' ಸರಣಿಗಾಗಿ 'ಟ್ರಯಾಂಗ್ಲರ್' ಹಾಡಿನಲ್ಲಿ ಇಬ್ಬರೂ ಮತ್ತೆ ಸೇರಿದರು. ಆ ಹಾಡು ಮಾರಾಟದ ಪಟ್ಟಿಯಲ್ಲಿ ಮೂರನೇ ಸ್ಥಾನಕ್ಕೆ ಏರಿತು.

2010ರ ಮಾರ್ಚ್ 31, ಅವರ ಮೂವತ್ತನೇ ಹುಟ್ಟುಹಬ್ಬ. ಅಂದೇ ಟೋಕಿಯೋದ ಬುಡೊಕಾನ್ ಎಂಬ ದೊಡ್ಡ ಸಭಾಂಗಣದಲ್ಲಿ ಕಛೇರಿ, ಅಂದೇ 'ಎವೆರಿವೇರ್' ಎಂಬ ಆಯ್ದ ಹಾಡುಗಳ ಸಂಗ್ರಹ. ಆ ಸಂಗ್ರಹಕ್ಕೆ ಹೆಸರು ಕೊಟ್ಟ ಹಾಡಿನ ಸಾಹಿತ್ಯ, ರಾಗ ಎರಡೂ ಅವರವೇ. ಮರುವರ್ಷ ಜನವರಿಯಲ್ಲಿ ಬಂದ 'ಯೂ ಕಾಂಟ್ ಕ್ಯಾಚ್ ಮಿ' ಆಲ್ಬಂ ಮಾರಾಟದಲ್ಲಿ ಮೊದಲ ಸ್ಥಾನ ಹಿಡಿಯಿತು. 2013ರ ಆಲ್ಬಂನ ಹೆಸರೇ 'ಸಿಂಗರ್ ಸಾಂಗ್‌ರೈಟರ್'. ಎಲ್ಲ ಹಾಡುಗಳನ್ನೂ ತಾವೇ ಬರೆದು ತಾವೇ ರಾಗ ಹಾಕಿದ್ದು. ಸದ್ದುಗದ್ದಲವಿಲ್ಲದ ಪುಟ್ಟ ಆಲ್ಬಂ ಅದು. ಮಳೆಗಾಲದ ಸಂಜೆ ಬಸ್ಸಿನಲ್ಲಿ ಕೂತು ಎಷ್ಟು ಸಲ ಕೇಳಿದ್ದೇನೋ ಲೆಕ್ಕವಿಲ್ಲ.

ಇನ್ನು ನಟನೆ. 1995ರ 'ಘೋಸ್ಟ್ ಇನ್ ದ ಶೆಲ್' ಚಿತ್ರದ ಕೊನೆಯಲ್ಲಿ ನಾಯಕಿ ಮೊತೊಕೊಳ ಪ್ರಜ್ಞೆ ಒಂದು ಮಗುವಿನ ಯಾಂತ್ರಿಕ ದೇಹಕ್ಕೆ ಬಂದು ಸೇರುತ್ತದೆ. ಇಡೀ ಚಿತ್ರದಲ್ಲಿ ಮೊತೊಕೊ ಆದವರು ಅತ್ಸುಕೊ ತನಾಕಾ. ಆ ಮಗುವಿನ ದೇಹದಿಂದ ಬಂದ ದನಿ ಹದಿನೈದು ವರ್ಷದ ಮಾಯಾ ಅವರದು. ಹದಿನೆಂಟು ವರ್ಷ ಕಳೆದು 2013ರಲ್ಲಿ ಮೊತೊಕೊಳ ಹರೆಯದ ಕಥೆ 'ಅರೈಸ್' ಬಂದಾಗ ಪೂರ್ಣ ಪಾತ್ರ ಅವರ ಪಾಲಿಗೇ ಬಂತು.

ಗಂಡು ಹೆಣ್ಣು ಎಂಬ ಗೆರೆಯ ಮೇಲೆ ನಿಂತ ಪಾತ್ರಗಳೂ ಅವರಿಗೆ ಮತ್ತೆ ಮತ್ತೆ ಸಿಕ್ಕಿವೆ. 'ಔರಾನ್' ಸರಣಿಯಲ್ಲಿ ಎಲ್ಲರೂ ಹುಡುಗ ಎಂದು ತಿಳಿಯುವ ಹುಡುಗಿ ಹರುಹಿ, 'ಬ್ಲ್ಯಾಕ್ ಬಟ್ಲರ್'ನ ಹದಿಮೂರರ ಹುಡುಗ ಸಿಯೆಲ್, 'ಕಾರಾ ನೊ ಕ್ಯೋಕಾಯ್' ಚಿತ್ರಗಳಲ್ಲಿ ಕಿಮೊನೊ ಮೇಲೆ ಕೆಂಪು ಚರ್ಮದ ಜಾಕೆಟ್ ಹಾಕಿ ಗಂಡಸಿನಂತೆ ಮಾತಾಡುವ ಶಿಕಿ. ಯಾವುದರಲ್ಲೂ ಗಂಟಲು ಹಿಂಡಿ ದಪ್ಪ ದನಿ ಮಾಡಿಕೊಂಡಿಲ್ಲ. ದನಿ ಅದೇ, ಉಸಿರು ಬೇರೆ, ಮಾತಿನ ತೂಕ ಬೇರೆ.

ಇದನ್ನು ಹತ್ತಿರದಿಂದ ಕೇಳಬೇಕೆಂದರೆ 2016–17ರಲ್ಲಿ ಮೂರು ಭಾಗವಾಗಿ ಬಂದ 'ಕಿಜುಮೊನೊಗತಾರಿ' ಚಿತ್ರವೇ ಸರಿ. ಅದರಲ್ಲಿ ಕೈಕಾಲು ಕಳೆದುಕೊಂಡ ರಕ್ತಪಿಶಾಚಿಯೊಬ್ಬಳು ಸಾಯುವ ಸ್ಥಿತಿಯಲ್ಲಿ ಬಿದ್ದಿರುತ್ತಾಳೆ, ಬದುಕುಳಿದಾಗ ಹತ್ತು ವರ್ಷದ ಮಗುವಾಗಿರುತ್ತಾಳೆ. ಕಳೆದ ಅಂಗಗಳು ಒಂದೊಂದಾಗಿ ಮರಳಿ ಸಿಕ್ಕಂತೆಲ್ಲ ಹನ್ನೆರಡು, ಹದಿನೇಳು ಎನ್ನುತ್ತಾ ಬೆಳೆದು ಮತ್ತೆ ಪೂರ್ಣ ಹೆಂಗಸಾಗುತ್ತಾಳೆ. ಅಷ್ಟೂ ವಯಸ್ಸಿಗೆ ದನಿ ಒಬ್ಬರದೇ. ಮಗುವಾಗಿದ್ದಾಗಲೂ ಮಾತಿನ ಗತ್ತು ನೂರಾರು ವರ್ಷ ಬದುಕಿದ ರಾಣಿಯದು. ಹೆಂಗಸಾದ ಮೇಲೂ ನಗುವಿನ ತುದಿಯಲ್ಲಿ ಆ ಮಗು ಉಳಿದಿದೆ. ಒಂದು ಭಾಗ ಮುಗಿಸಿ ಇನ್ನೊಂದಕ್ಕೆ ಹೋಗುವಾಗ ನಾನು ಕಣ್ಣು ಮುಚ್ಚಿಕೊಂಡು ಕೇಳಿದ್ದಿದೆ. ವಯಸ್ಸು ಏರಿದ್ದು ಕಿವಿಗೇ ಗೊತ್ತಾಗುತ್ತದೆ.

ಗೇಮ್ ಆಡುವವರಿಗೆ ಅವರು 'ಫೈನಲ್ ಫ್ಯಾಂಟಸಿ'ಯ ಲೈಟ್ನಿಂಗ್ ಮತ್ತು ಏರಿಸ್. 'ಫೇಟ್ ಗ್ರ್ಯಾಂಡ್ ಆರ್ಡರ್'ನಲ್ಲಿ ಜೋನ್ ಆಫ್ ಆರ್ಕ್ ಕೂಡ ಅವರೇ, ಆ ಗೇಮಿನ 'ಶಿಕಿಸಾಯ್' ಹಾಡು ಬರೆದು ಹಾಡಿದವರೂ ಅವರೇ. ಜಪಾನಿ ಡಬ್ಬಿಂಗ್‌ನಲ್ಲಿ 'ಸ್ಟಾರ್ ವಾರ್ಸ್' ನೋಡಿದವರಿಗೆ ಪದ್ಮೆ ಪಾತ್ರದ ದನಿ ಅವರದು.

ರಂಗಭೂಮಿಯನ್ನು ಬಿಟ್ಟರೆ ಉತ್ತರ ಅರ್ಧವಾಗುತ್ತದೆ. 2003ರಿಂದ ಟೋಕಿಯೋದ ಇಂಪೀರಿಯಲ್ ಥಿಯೇಟರ್‌ನಲ್ಲಿ 'ಲೆ ಮಿಸರಾಬ್ಲ್' ನಾಟಕದ ಎಪೊನೀನ್ ಆದರು. 2012ರಲ್ಲಿ 'ಡ್ಯಾಡಿ ಲಾಂಗ್ ಲೆಗ್ಸ್' ಎಂಬ ಇಬ್ಬರೇ ನಟರ ಸಂಗೀತ ನಾಟಕದಲ್ಲಿ ಅನಾಥ ಹುಡುಗಿ ಜೆರೂಶಾ ಆದರು, ಅದಕ್ಕೆ ಕಿಕುತಾ ಕಜುಒ ರಂಗಪ್ರಶಸ್ತಿ ಬಂತು. ಮೈಕ್ ಮುಂದೆ ಮುಖ ಕಾಣಿಸದೆ ನಟಿಸುವವರು ಎಂಬ ಮಾತು ಅವರಿಗೆ ಹೊಂದುವುದೇ ಇಲ್ಲ.

ಎಲ್ಲಿಂದ ಶುರು ಮಾಡುವುದು ಎಂದು ಕೇಳಿದಿರಲ್ಲ, ಎರಡು ಹಾಡುಗಳನ್ನು ಬೆನ್ನುಬೆನ್ನಿಗೆ ಕೇಳಿ. ಮೊದಲನೆಯದು 1999ರ 'ಪ್ಲಾಟಿನಂ', 'ಕಾರ್ಡ್‌ಕ್ಯಾಪ್ಟರ್ ಸಕುರಾ' ಸರಣಿಯ ಮೂರನೇ ಭಾಗದ ಶುರುವಿನ ಹಾಡು. ಸಾಹಿತ್ಯ ಇವಾಸಾತೊ, ಸಂಗೀತ ಕನ್ನೊ, ಹಾಡಿದವರಿಗೆ ಹತ್ತೊಂಬತ್ತು. ಮೆಲ್ಲಗೆ ಶುರುವಾಗಿ ಒಮ್ಮೆಲೇ ರೆಕ್ಕೆ ಬಿಚ್ಚುತ್ತದೆ. ಎರಡನೆಯದು 2018ರ 'ಕ್ಲಿಯರ್', ಅದೇ ಸಕುರಾಳ ಕಥೆ ಮತ್ತೆ ಟಿವಿಗೆ ಬಂದಾಗಿನ ಹಾಡು. ಕಥೆಯಲ್ಲಿ ಸಕುರಾ ಪ್ರಾಥಮಿಕ ಶಾಲೆ ಮುಗಿಸಿ ಮುಂದಿನ ಶಾಲೆಗೆ ಕಾಲಿಟ್ಟಿದ್ದಳು ಅಷ್ಟೆ. ಹಾಡಿದವರಿಗೆ ಮಾತ್ರ ಮೂವತ್ತೇಳಾಗಿತ್ತು. ರಾಗ ಯೊಶಿಕಿ ಮಿಜುನೊ ಅವರದು, ಸಾಹಿತ್ಯ ಈ ಸಲ ಮಾಯಾ ಅವರದೇ. ಮೊದಲನೆಯದರಲ್ಲಿ ಸಕುರಾಳ ವಾರಿಗೆಯ ಗೆಳತಿ ಜೊತೆಯಲ್ಲಿ ಓಡುತ್ತಾ ಹಾಡಿದಂತೆ ಕೇಳುತ್ತದೆ. ಎರಡನೆಯದರಲ್ಲಿ ಅದೇ ಗೆಳತಿ ದೊಡ್ಡವಳಾಗಿ, ಹೊಸ್ತಿಲಲ್ಲಿ ನಿಂತ ಹುಡುಗಿಯ ಬೆನ್ನು ತಟ್ಟುತ್ತಿರುವಂತೆ.

ಆಮೇಲೆ 'ಎಸ್ಕಾಫ್ಲೋನೆ' ನೋಡಿ, 26 ಕಂತು. 'ಕಿಜುಮೊನೊಗತಾರಿ'ಯಲ್ಲಿ ರಕ್ತ ಜಾಸ್ತಿ, ಮಕ್ಕಳನ್ನು ಪಕ್ಕದಲ್ಲಿ ಕೂರಿಸಿಕೊಂಡು ನೋಡುವಂಥದ್ದಲ್ಲ. ಮನೆಮಂದಿ ಜೊತೆಗಾದರೆ 'ಔರಾನ್' ಸಾಕು. ಯಾವುದನ್ನೇ ನೋಡಿ, ಜಪಾನಿ ದನಿಯಲ್ಲೇ ನೋಡಿ. ಇಂಗ್ಲಿಷ್ ಡಬ್ಬಿಂಗ್ ಹಾಕಿಕೊಂಡರೆ ನೀವು ಯಾರ ಬಗ್ಗೆ ಕೇಳಿದಿರೋ ಅವರೇ ಅಲ್ಲಿರುವುದಿಲ್ಲ.