ಹಳೆಯ ಟ್ವಿನ್ ಟಬ್ ವಾಷಿಂಗ್ ಮೆಷಿನ್: ಎರಡೂ ಮೋಟಾರ್ ಸುಟ್ಟಿವೆ ಅಂದರೆ ಮೊದಲು ಇವನ್ನು ನೋಡಿ

ನಿಮ್ಮ ಪ್ರಶ್ನೆ ಇಷ್ಟು: ತೊಂಬತ್ತರ ದಶಕದ ಕೊನೆಯ ಸೆಮಿ ಆಟೊಮ್ಯಾಟಿಕ್ ಮೆಷಿನ್. ಒಗೆಯುವ ಕಡೆ ಟೈಮರ್ ತಿರುಗಿಸಿದರೆ ಗುಂಯ್ ಅನ್ನುತ್ತದೆ, ಟಬ್ಬಿನ ತಳದಲ್ಲಿ ಬಟ್ಟೆ ತಿರುಗಿಸುವ ಚಕ್ರ, ಅಂದರೆ ಪಲ್ಸೇಟರ್, ತಿರುಗುವುದಿಲ್ಲ. ಡ್ರೈಯರ್ ತಿರುಗುತ್ತದೆ, ವೇಗ ಬರುವುದಿಲ್ಲ. ಮೆಷಿನ್ ಅಡಿಯಲ್ಲಿ ನೀರು ನಿಲ್ಲುತ್ತದೆ. ನೋಡಿದವರು ಎರಡೂ ಮೋಟಾರ್ ಸುಟ್ಟಿವೆ ಅಂದಿದ್ದಾರೆ. ಮನೆಯಲ್ಲೇ ಸರಿಮಾಡಬಹುದೇ?

ಮಾಡಬಹುದು. ಸುಟ್ಟ ಮೋಟಾರ್ ಸಾಮಾನ್ಯವಾಗಿ ಗುಂಯ್ ಅನ್ನುತ್ತಾ ಕೂರುವುದಿಲ್ಲ. ಕಮಟು ವಾಸನೆ ಬರುತ್ತದೆ, ಫ್ಯೂಸ್ ಹಾರುತ್ತದೆ, ಇಲ್ಲವೇ ಸದ್ದೇ ಇರುವುದಿಲ್ಲ. ನೀವು ಹೇಳುವ ಲಕ್ಷಣ ನೋಡಿದರೆ ಒಗೆಯುವ ಕಡೆ ಕೆಪಾಸಿಟರ್ (ಮೋಟಾರ್ ತಿರುಗಲು ನೆರವಾಗುವ, ಕರೆಂಟ್ ಹಿಡಿದಿಡುವ ಡಬ್ಬಿ) ಮೇಲೆ, ಡ್ರೈಯರ್ ಕಡೆ ಬ್ರೇಕ್ ಮತ್ತು ಬೆಲ್ಲೊ ಸೀಲ್ (ಶಾಫ್ಟ್ ಸುತ್ತ ನೀರು ಸೋರದಂತೆ ತಡೆಯುವ ರಬ್ಬರ್) ಮೇಲೆ ನನಗೆ ಅನುಮಾನ. ಅಡಿಯಲ್ಲಿ ಸೋರುವ ನೀರನ್ನು ಮಾತ್ರ ಕಡೆಗಣಿಸಬೇಡಿ. ಈ ಮೆಷಿನ್‌ಗಳಲ್ಲಿ ಡ್ರೈಯರ್ ಮೋಟಾರನ್ನು ಕೊಲ್ಲುವುದು ಹೆಚ್ಚಾಗಿ ಆ ನೀರೇ.

ಮೊದಲು ಪ್ಲಗ್ ಕಿತ್ತು ಕಣ್ಣಿಗೆ ಕಾಣುವ ಕಡೆ ಇಡಿ. ಸ್ವಿಚ್ ಆರಿಸಿದರೆ ಸಾಲದು, ಹಳೆಯ ಮನೆಗಳಲ್ಲಿ ಸ್ವಿಚ್ ನ್ಯೂಟ್ರಲ್ ಮೇಲಿರುವುದುಂಟು. ಹಿಂದಿನ ಮುಚ್ಚಳದ ಸ್ಕ್ರೂ ಬಿಚ್ಚಿ, ಯಾವ ವೈರ್ ಕೈಹಾಕುವ ಮೊದಲೂ ಎರಡು ಮೂರು ಕೋನದಿಂದ ಫೋಟೊ ತೆಗೆದುಕೊಳ್ಳಿ. ಕೆಪಾಸಿಟರ್‌ನ ಎರಡು ತುದಿಗೆ 60 ವ್ಯಾಟ್ ಬುರುಡೆ ಬಲ್ಬಿನ ಹೋಲ್ಡರ್ ವೈರ್‌ಗಳನ್ನು ಕೆಲವು ಸೆಕೆಂಡ್ ಮುಟ್ಟಿಸಿ ಚಾರ್ಜ್ ಇಳಿಸಿ. ಸ್ಕ್ರೂಡ್ರೈವರ್‌ನಿಂದ ಶಾರ್ಟ್ ಮಾಡುವ ಅಭ್ಯಾಸ ಒಳ್ಳೆಯದಲ್ಲ.

ಒಗೆಯುವ ಕಡೆಗೆ ಬನ್ನಿ. ಗುಂಯ್ ಅನ್ನುವಾಗ ಮನೆಯ ವೋಲ್ಟೇಜ್ ಎಷ್ಟಿದೆ ನೋಡಿ. 180ಕ್ಕಿಂತ ಕೆಳಗಿದ್ದರೆ ಒಳ್ಳೆಯ ಮೋಟಾರೂ ಹಾಗೇ ಅನ್ನುತ್ತದೆ. ವೋಲ್ಟೇಜ್ ಸರಿಯಿದ್ದರೆ, ಪ್ಲಗ್ ಕಿತ್ತ ಸ್ಥಿತಿಯಲ್ಲಿ ಬೆಲ್ಟ್ ಕಳಚಿ ಪುಲ್ಲಿಗಳನ್ನು ಕೈಯಿಂದ ತಿರುಗಿಸಿ. ಮೋಟಾರ್ ಪುಲ್ಲಿ ಹಗುರವಾಗಿ ತಿರುಗಿ, ಗೇರ್‌ಬಾಕ್ಸ್ ಪುಲ್ಲಿ ಬಿಗಿದಿದ್ದರೆ ತೊಂದರೆ ಮೇಲಿದೆ: ಪಲ್ಸೇಟರ್ ಅಡಿಯಲ್ಲಿ ನಾಣ್ಯ, ಹೇರ್‌ಪಿನ್, ಕರವಸ್ತ್ರ ಸಿಕ್ಕಿರಬಹುದು, ಅಥವಾ ಗೇರ್‌ಬಾಕ್ಸ್ ತುಕ್ಕು ಹಿಡಿದಿರಬಹುದು. ನಡುವಿನ ಸ್ಕ್ರೂ ತೆಗೆದರೂ ಪಲ್ಸೇಟರ್ ಏಳದಿದ್ದರೆ ಸ್ಕ್ರೂಡ್ರೈವರ್‌ನಿಂದ ಮೀಟಬೇಡಿ, ಟಬ್ ಸೀಳುತ್ತದೆ. ಉಗುರುಬೆಚ್ಚಗಿನ ನೀರಿನಲ್ಲಿ ನೂರು ಗ್ರಾಂ ಸಿಟ್ರಿಕ್ ಆಸಿಡ್ ಕರಗಿಸಿ ಪಲ್ಸೇಟರ್ ಮುಳುಗುವಷ್ಟು ಹಾಕಿ, ಒಂದೆರಡು ಗಂಟೆ ಬಿಡಿ. ಕೋಲಾರದಂಥ ಕಡೆಯ ಬೋರ್‌ವೆಲ್ ನೀರಿನ ಉಪ್ಪು ಕಟ್ಟಿದ್ದರೆ ಇದರಲ್ಲೇ ಸಡಿಲವಾಗುತ್ತದೆ. ಆಮೇಲೆ ಅಂಚಿನ ಎರಡು ಎದುರುಬದುರು ಜಾಗದಲ್ಲಿ ಗಟ್ಟಿ ದಾರ ತೂರಿಸಿ ನೇರ ಮೇಲಕ್ಕೆ ಎಳೆಯಿರಿ. ಆ ನೀರಿಗೆ ಬ್ಲೀಚ್ ಮಾತ್ರ ಬೆರೆಸಬೇಡಿ, ವಿಷಗಾಳಿ ಬರುತ್ತದೆ.

ಎರಡೂ ಪುಲ್ಲಿ ಹಗುರವಾಗಿದ್ದರೆ ಕೆಪಾಸಿಟರ್ ನೋಡಿ. ಒಗೆಯುವ ಮೋಟಾರಿಗೆ ಸಾಮಾನ್ಯವಾಗಿ 10 ಎಂಎಫ್‌ಡಿ (ಮೈಕ್ರೊಫ್ಯಾರಡ್, ಕೆಪಾಸಿಟರ್‌ನ ಅಳತೆ) ಆಸುಪಾಸು, ಡ್ರೈಯರ್‌ಗೆ 5 ಆಸುಪಾಸು ಇರುತ್ತದೆ. ಕೆಲವು ಮೆಷಿನ್‌ಗಳಲ್ಲಿ ಎರಡೂ ಒಂದೇ ಡಬ್ಬಿಯಲ್ಲಿ. ಅಂಕಿ ಅದರ ಮೈಮೇಲೇ ಇದೆ, ಅದನ್ನೇ ನಂಬಿ. ಕೆಪಾಸಿಟೆನ್ಸ್ ಅಳೆಯುವ ಮೀಟರ್‌ನಲ್ಲಿ 10ರದ್ದು 7 ತೋರಿಸಿದರೆ, ಅಥವಾ ಮೈ ಉಬ್ಬಿದ್ದರೆ, ಬದಲಿಸಿ. ಹೊಸದು ಅದೇ ಎಂಎಫ್‌ಡಿಯದು, 440 ವೋಲ್ಟ್ ಎಸಿ ಗುರುತಿನದು ಇರಲಿ. 'ಸ್ವಲ್ಪ ಜಾಸ್ತಿ ಹಾಕಿದರೆ ಜೋರು ಬರುತ್ತೆ' ಅನ್ನುವವರ ಮಾತು ಕೇಳಬೇಡಿ. ಮೋಟಾರಿನೊಳಗಿನ ತಂತಿ ಸುರುಳಿಯಲ್ಲಿ ಕರೆಂಟ್ ಏರಿ ಮೋಟಾರ್ ಬಿಸಿಯಾಗುತ್ತದೆ. ಬೆಂಗಳೂರಿನವರಿಗೆ ಎಸ್.ಪಿ. ರಸ್ತೆಯಲ್ಲಿ ಇದು ಸುಲಭವಾಗಿ ಸಿಗುತ್ತದೆ.

ಅದಕ್ಕೂ ಜಗ್ಗದಿದ್ದರೆ ಮೋಟಾರಿನ ಮೂರು ವೈರ್ ಕಳಚಿ ಓಮ್ ಅಳೆಯಿರಿ. ಒಗೆಯುವ ಮೋಟಾರ್ ಎರಡೂ ದಿಕ್ಕಿಗೆ ತಿರುಗಬೇಕಾದ್ದರಿಂದ ಅದರ ಎರಡು ಸುರುಳಿಗಳು ಸಮ. ಕಾಮನ್‌ನಿಂದ (ಎರಡೂ ಸುರುಳಿ ಸೇರುವ ವೈರಿನಿಂದ) ಒಂದಕ್ಕೆ 25 ಓಮ್ ಬಂದರೆ ಇನ್ನೊಂದಕ್ಕೂ ಹತ್ತಿರಹತ್ತಿರ ಅಷ್ಟೇ ಬರಬೇಕು, ಆ ಎರಡರ ನಡುವೆ 50. ಡ್ರೈಯರ್ ಮೋಟಾರ್ ಒಂದೇ ದಿಕ್ಕಿನದು, ಅಲ್ಲಿ ಎರಡು ಸುರುಳಿ ಅಸಮ ಇರುವುದು ಸಹಜ. ಆದರೆ ಎರಡು ಸುರುಳಿಯ ಓಮ್ ಕೂಡಿದರೆ ಕಾಮನ್ ಬಿಟ್ಟು ಉಳಿದೆರಡು ವೈರ್ ನಡುವಿನ ಓಮ್‌ಗೆ ಹೊಂದಬೇಕು. ಇಲ್ಲೇ ಒಂದು ಉಪಯುಕ್ತ ಸುಳಿವಿದೆ. ಕಾಮನ್‌ನಿಂದ ಎರಡಕ್ಕೂ ಏನೂ ತೋರಿಸದೆ, ಉಳಿದೆರಡರ ನಡುವೆ ಸರಿಯಾಗಿ 50 ಬಂದರೆ ಸುರುಳಿ ಚೆನ್ನಾಗಿದೆ. ಸುರುಳಿಯೊಳಗೆ ಕಾಮನ್ ವೈರಿಗೆ ಸೇರಿಸಿ ಕಟ್ಟಿದ ಥರ್ಮಲ್ ಫ್ಯೂಸ್ (ಬಿಸಿ ಮಿತಿಮೀರಿದರೆ ಕಡಿದುಹೋಗುವ ಫ್ಯೂಸ್) ಹೋಗಿರುವ ಸಾಧ್ಯತೆಯೇ ಹೆಚ್ಚು. ಮೋಟಾರ್ ವೈಂಡಿಂಗ್ ಅಂಗಡಿಯವರು ಅದೇ ಡಿಗ್ರಿಯದನ್ನು ಹಾಕಿ ಕೊಡುತ್ತಾರೆ. ಫ್ಯೂಸ್ ಇಲ್ಲದೆ ನೇರ ಜೋಡಿಸಲು ಒಪ್ಪಬೇಡಿ. ಯಾವ ವೈರಿನಿಂದಲೂ ಮೋಟಾರಿನ ಮೈಗೆ ಓಮ್ ತೋರಿಸಬಾರದು. ತೋರಿಸಿದರೆ ಮುಟ್ಟಿದವರಿಗೆ ಶಾಕ್.

ಪಲ್ಸೇಟರ್ ಒಂದೇ ದಿಕ್ಕಿಗೆ ತಿರುಗಿ ನಿಂತು, ಮತ್ತೆ ಅದೇ ದಿಕ್ಕಿಗೆ ತಿರುಗಿದರೆ ಟೈಮರ್‌ನ ಒಂದು ಕಾಂಟ್ಯಾಕ್ಟ್ ಕರಕಲಾಗಿದೆ, ಇಲ್ಲವೇ ಆ ವೈರ್ ತುಂಡಾಗಿದೆ. ಟೈಮರನ್ನು ಬಿಚ್ಚಿ ಉಜ್ಜುವುದು ಹೆಚ್ಚು ದಿನ ಬಾಳುವುದಿಲ್ಲ. ವೈರ್ ಎಣಿಕೆ ಹೊಂದುವ ಹೊಸದನ್ನು ಹಾಕಿ. ಬೆಲ್ಟ್ ಮರಳಿ ಹಾಕುವಾಗ ನಡುವೆ ಹೆಬ್ಬೆರಳಲ್ಲಿ ಒತ್ತಿದರೆ ಸುಮಾರು 10 ಮಿ.ಮೀ. ತಗ್ಗಬೇಕು. ಅದಕ್ಕಿಂತ ಬಿಗಿದರೆ ಮೋಟಾರ್ ಬುಷ್ (ಶಾಫ್ಟ್ ತಿರುಗುವ ಲೋಹದ ಬಳೆ) ಸವೆಯುತ್ತದೆ.

ಇನ್ನು ನೀರು. ಮೆಷಿನ್ ಅಡಿಗೆ ಒಣ ನ್ಯೂಸ್‌ಪೇಪರ್ ಹಾಸಿ, ಒಗೆಯುವ ಟಬ್ಬಿಗೆ ಮಾತ್ರ ನೀರು ತುಂಬಿ ಅರ್ಧ ಗಂಟೆ ಬಿಡಿ. ಆ ಟಬ್ಬಿನ ಕೆಳಗೆ ನೆನೆದರೆ ಗೇರ್‌ಬಾಕ್ಸ್ ಆಯಿಲ್ ಸೀಲ್. ಡ್ರೇನ್ ಪೈಪಿನಿಂದ ಹನಿಕಿದರೆ ಡ್ರೇನ್ ವಾಲ್ವ್ ರಬ್ಬರ್ ಮೇಲೆ ದಾರ, ಕೂದಲು ಕೂತಿದೆ. ತೆಗೆದು ತೊಳೆದರೆ ಬಹುತೇಕ ಸರಿಹೋಗುತ್ತದೆ. ಎರಡೂ ಒಣಗಿದ್ದು, ಡ್ರೈಯರ್ ಕಡೆ ನೀರು ಹಾಕಿದಾಗ ಮಾತ್ರ ಪೇಪರ್ ನೆನೆದರೆ ಬೆಲ್ಲೊ ಸೀಲ್ ಹೋಗಿದೆ. ಆ ಸೀಲ್ ಇರುವುದು ಮೋಟಾರಿನ ನೆತ್ತಿಯ ಮೇಲೆ. ಹನಿ ಶಾಫ್ಟ್ ಹಿಡಿದು ಇಳಿದು ಬುಷ್‌ಗೆ ತುಕ್ಕು ಹಿಡಿಸುತ್ತದೆ, ಮೋಟಾರ್ ಭಾರವಾಗುತ್ತದೆ, ಕೊನೆಗೆ ಸುರುಳಿ ಸುಡುತ್ತದೆ. ಸೀಲ್ ಬಿಟ್ಟು ಬರೀ ಮೋಟಾರ್ ಬದಲಿಸಿದರೆ ಹೊಸದೂ ಅದೇ ದಾರಿ ಹಿಡಿಯುತ್ತದೆ.

ಸೀಲ್ ಬದಲಿಸುವ ಮೊದಲು ಬ್ರೇಕ್ ನೋಡಿಬಿಡಿ, ವೇಗ ಬಾರದಿರಲು ಅದೊಂದೇ ಕಾರಣವಾಗಿರಬಹುದು. ಡ್ರೈಯರ್ ಮುಚ್ಚಳ ಹಾಕಿದಾಗ ಬ್ರೇಕ್ ವೈರ್ ಎಳೆದು ಲೈನಿಂಗ್ ಡ್ರಮ್ಮಿನಿಂದ ಪೂರ್ತಿ ದೂರ ಸರಿಯಬೇಕು. ವೈರ್ ಹಿಗ್ಗಿದ್ದರೆ ಅದು ಉಜ್ಜುತ್ತಲೇ ಇರುತ್ತದೆ. ಕೊಕ್ಕೆಯನ್ನು ಮುಂದಿನ ತೂತಿಗೆ ಹಾಕಿ ಬಿಗಿಮಾಡಿ. ಮುಚ್ಚಳ ತೆಗೆದರೆ ಟಬ್ ಕೆಲವೇ ಸೆಕೆಂಡಿನಲ್ಲಿ ನಿಲ್ಲಬೇಕು. ನಿಲ್ಲದಿದ್ದರೆ ಮೆಷಿನ್ ಬಳಸಬೇಡಿ, ತಿರುಗುವ ಬಟ್ಟೆಗೆ ಕೈ ಸುತ್ತಿಕೊಂಡರೆ ಮುರಿಯುತ್ತದೆ.

ಸೀಲ್ ಕೆಲಸಕ್ಕೆ ಬೇಕಾದ್ದು ಸಾಮಾನ್ಯವಾಗಿ 10 ಮಿ.ಮೀ. ಸ್ಪ್ಯಾನರ್ ಮತ್ತು ತಾಳ್ಮೆ. ಬ್ರೇಕ್ ಡ್ರಮ್ಮಿನ ಮೇಲ್ಭಾಗದಲ್ಲಿ ಟಬ್ಬಿನ ಶಾಫ್ಟನ್ನು ಹಿಡಿದಿರುವ ಬೋಲ್ಟ್‌ನ ಲಾಕ್ ನಟ್ ಸಡಿಲಿಸಿ, ಬೋಲ್ಟ್ ಹಿಂದೆ ತಿರುಗಿಸಿ, ಮೇಲಿನಿಂದ ಟಬ್ ನೇರ ಎತ್ತಿ. ತುಕ್ಕಿಗೆ ಅಂಟಿದ್ದರೆ ನುಗ್ಗುವ ಎಣ್ಣೆ ಸಿಂಪಡಿಸಿ ರಾತ್ರಿಯಿಡೀ ಬಿಡಿ. ಹಳೆಯ ಸೀಲನ್ನು ಅಂಗಡಿಗೆ ಒಯ್ದು ಹೊರ ಅಳತೆ, ಶಾಫ್ಟ್ ತೂತು ಎರಡನ್ನೂ ಹೊಂದಿಸಿ ತನ್ನಿ. ಕೂರುವ ಜಾಗದ ಉಪ್ಪು, ಸೋಪಿನ ಪದರ ಪೂರ್ತಿ ತೆಗೆಯಿರಿ. ರಬ್ಬರ್ ಕೂರಿಸಲು ಸೋಪಿನ ನೀರು ಸಾಕು, ಬುಷ್ ಒಳಗೆ ಮಾತ್ರ ಗ್ರೀಸ್. ಶಾಫ್ಟನ್ನು 400ರ ಎಮರಿ ಪೇಪರಿನಿಂದ ನುಣುಪಾಗಿಸಿ. ಉಗುರಿಗೆ ಸಿಗುವಷ್ಟು ಗೆರೆ ಬಿದ್ದಿದ್ದರೆ ಹೊಸ ಸೀಲೂ ಸೋರುತ್ತದೆ, ಶಾಫ್ಟೇ ಬದಲಾಗಬೇಕು. ಜೋಡಿಸುವಾಗ ಬೋಲ್ಟ್ ತುದಿ ಶಾಫ್ಟಿನ ತಗ್ಗಿಗೆ ಸರಿಯಾಗಿ ಕೂರಲಿ, ಆಮೇಲೆ ಲಾಕ್ ನಟ್ ಬಿಗಿಮಾಡಿ.

ಇಷ್ಟಾಗಿಯೂ ಡ್ರೈಯರ್ ಮೋಟಾರ್ ಭಾರವಾಗಿದ್ದರೆ ಬುಷ್ ಬದಲಿಸಿ. ಸುರುಳಿಯೇ ಸುಟ್ಟಿದ್ದರೆ, ಹಳೆಯದು ತಾಮ್ರದ್ದಾದರೆ ತಾಮ್ರದಲ್ಲೇ ಮರುಸುತ್ತಿಸುವುದು ನನ್ನ ಆಯ್ಕೆ. ಈಗ ಮಾರುವ ಅಗ್ಗದ ಮೋಟಾರ್‌ಗಳಲ್ಲಿ ಅಲ್ಯುಮಿನಿಯಂ ತಂತಿಯವು ಬಹಳ. ಗೇರ್‌ಬಾಕ್ಸ್ ಕೂರುವ ಜಾಗದಲ್ಲಿ ಒಗೆಯುವ ಟಬ್ ಸೀಳಿದ್ದರೆ ಮಾತ್ರ ಕೈಬಿಡಿ. ಅಲ್ಲಿ ಎಂ-ಸೀಲ್ ಮೆತ್ತಿದರೂ ಅದುರುವಿಕೆಗೆ ನಿಲ್ಲುವುದಿಲ್ಲ.

ಮುಚ್ಚುವ ಮೊದಲು ಅರ್ಥ್ ವೈರಿನ ಸ್ಕ್ರೂ ಬಿಚ್ಚಿ, ಅಡಿಯ ಲೋಹ ಹೊಳೆಯುವ ತನಕ ಉಜ್ಜಿ ಮತ್ತೆ ಬಿಗಿಮಾಡಿ. ಮೊದಲ ಓಟ ಬಟ್ಟೆಯಿಲ್ಲದೆ, ಬರೀ ನೀರಿನಲ್ಲಿ, 30 ಮಿಲಿಆಂಪಿಯರ್‌ನ ಆರ್‌ಸಿಸಿಬಿ (ಕರೆಂಟ್ ಸೋರಿದರೆ ತಾನೇ ಆಫ್ ಆಗುವ ಸ್ವಿಚ್) ಇರುವ ಲೈನಿನಲ್ಲಿ ನಡೆಯಲಿ. ಮೆಷಿನ್ ಮೈಗೆ ಟೆಸ್ಟರ್ ಇಟ್ಟಾಗ ಬೆಳಗಿದರೆ ತಕ್ಷಣ ಆಫ್ ಮಾಡಿ. ಅಡಿಭಾಗ ತೆರೆದಿದ್ದರೆ ಒಂದು ತುಂಡು ಜಾಲರಿ ಕಟ್ಟಿಬಿಡಿ, ಇಲಿ ಒಳಗೆ ಸೇರಿದರೆ ಮೊದಲು ಕಡಿಯುವುದು ವೈರನ್ನೇ.