ಮತ್ತೆ ದೀಕ್ಷಾಸ್ನಾನ ತಗೋಬೇಕಾ ಅಂತ ಕೇಳಿದೀಯಲ್ಲ

ಮೈಸೂರಿಂದ ಡಾಲಸ್‌ಗೆ ಬಂದು ಮೂರು ತಿಂಗಳಾಯ್ತು, ನಾವು ಸಿಎಸ್‌ಐನೋರು (ಚರ್ಚ್ ಆಫ್ ಸೌತ್ ಇಂಡಿಯಾ), ಮನೆ ಹತ್ರದ ಸದರ್ನ್ ಬ್ಯಾಪ್ಟಿಸ್ಟ್ ಚರ್ಚ್‌ಗೆ ಹೋಗ್ತಿದೀವಿ, ಎಲ್ಲಾರೂ ಚೆನ್ನಾಗಿ ಮಾತಾಡಿಸ್ತಾರೆ, ಆದ್ರೆ ಮೆಂಬರ್ ಆಗೋಕೆ ಮತ್ತೆ ದೀಕ್ಷಾಸ್ನಾನ (ಬ್ಯಾಪ್ಟಿಸಮ್) ತಗೋಬೇಕಂತೆ, ಊರಲ್ಲಿ ಅಮ್ಮ ಕೇಳಿ ಅತ್ತೇಬಿಟ್ರು, ಏನ್ಮಾಡ್ಲಿ ಅಕ್ಕ ಅಂತ ಬರ್ದಿದೀಯ. ನಾನು ತುಮಕೂರಿನ ಸಿಎಸ್‌ಐ ಮನೆಯೋಳು ತಂಗಿ, ಇಲ್ಲಿಗೆ ಬಂದು 17 ವರ್ಷ ಆಯ್ತು. ಇದೇ ವಿಷಯಕ್ಕೆ ನಾನೂ ನಮ್ಮನೆಯೋರೂ ಒಂದು ವರ್ಷ ಕಿತ್ತಾಡಿದೀವಿ. ಕೊನೆಗೆ ಅವ್ರು ದೀಕ್ಷಾಸ್ನಾನದ ತೊಟ್ಟಿಗೆ ಇಳಿದ್ರು, ನಾನು ಇಳೀಲಿಲ್ಲ. ಇಬ್ರೂ ಇವತ್ತಿಗೂ ಅದೇ ಚರ್ಚ್‌ಗೆ ಹೋಗ್ತೀವಿ.

ಮೊದ್ಲು ಒಂದು ತಿಳ್ಕೋ, ಅವ್ರ ಲೆಕ್ಕದಲ್ಲಿ "ಮತ್ತೆ" ಅನ್ನೋದೇ ಇಲ್ಲ. ನಮ್ಮ ಸಿಎಸ್‌ಐನಲ್ಲಿ ಮಗು ತಲೆ ಮೇಲೆ ನೀರು ಚಿಮುಕಿಸಿದ್ದು ಅವ್ರಿಗೆ ದೀಕ್ಷಾಸ್ನಾನವೇ ಅಲ್ಲ. ಬುದ್ಧಿ ಬಂದ್ಮೇಲೆ, ನಾನು ಪಾಪಿ, ಯೇಸು ನನ್ನ ರಕ್ಷಕ ಅಂತ ತಾನೇ ಒಪ್ಕೊಂಡು, ಆಮೇಲೆ ಪೂರ್ತಿ ನೀರಲ್ಲಿ ಮುಳುಗಿ ಏಳ್ಬೇಕು, ಅದು ರಕ್ಷಣೆ ಕೊಡಲ್ಲ, ಆಗ್ಲೇ ಸಿಕ್ಕಿರೋ ರಕ್ಷಣೆಗೆ ಊರೆದುರು ಸಾಕ್ಷಿ ಅಷ್ಟೆ ಅಂತಾರೆ. ನಿಮ್ಮಮ್ಮಂಗೆ ಅವಮಾನ ಅನ್ಸೋದು ಸಹಜ, ನನಗೂ ಅನ್ಸಿತ್ತು, ಆದ್ರೆ ಅವ್ರು ಅವಮಾನ ಮಾಡೋಕೆ ಹೇಳಿದ್ದಲ್ಲ, ಬೇರೆ ಡಿನಾಮಿನೇಷನ್‌ನಿಂದ ಬಂದ ಅಮೆರಿಕನ್ನರಿಗೂ ಇದನ್ನೇ ಹೇಳ್ತಾರೆ.

ನಾನು ಮೊದಲನೇ ಸಲ ಸಂಡೇ ಸ್ಕೂಲ್‌ಗೆ ಹೋದಾಗ (ಇಲ್ಲಿ ದೊಡ್ಡೋರಿಗೂ ಸಂಡೇ ಸ್ಕೂಲ್ ಇರುತ್ತೆ, ಡೋನಟ್ ಕಾಫಿ ಸಮೇತ) ಒಬ್ಬ ಅಜ್ಜಿ ಕೈ ಹಿಡ್ಕೊಂಡು, ನಿನಗೆ ಯಾವಾಗ ರಕ್ಷಣೆ ಆಯ್ತಮ್ಮಾ ಅಂತ ಕೇಳಿದ್ರು. ನಾನು ಹುಟ್ಟಿದಾಗಿಂದ ಕ್ರಿಶ್ಚಿಯನ್ನೇ, ನಮ್ಮ ಮುತ್ತಾತನ ಕಾಲದಿಂದ ನಾವು ಕ್ರೈಸ್ತರು ಅಂದೆ, ಹೆಮ್ಮೆಯಿಂದಾನೇ. ಅಜ್ಜಿ ನಕ್ಕು ಸುಮ್ಮನಾದ್ರು. ಆ ನಗು ಅರ್ಥ ಆಗೋಕೆ ಆರು ತಿಂಗಳು ಬೇಕಾಯ್ತು. ವಂಶದಿಂದ, ಮನೆತನದಿಂದ ಯಾರೂ ಕ್ರೈಸ್ತರಾಗಲ್ಲ, ಒಬ್ಬೊಬ್ಬರೂ ತಾವೇ ತೀರ್ಮಾನ ಮಾಡ್ಬೇಕು ಅನ್ನೋದೇ ಇವ್ರ ನಂಬಿಕೆಯ ಬೇರು. ಸರ್ವಿಸ್ ಕೊನೇಲಿ ಪಾಸ್ಟರ್ "ಮುಂದೆ ಬನ್ನಿ" ಅಂತ ಕರೆಯೋದೂ, ಪಕ್ಕದ್ಮನೆಯೋರು ನಿನ್ನ ಹಿಂದೂ ರೂಮ್‌ಮೇಟ್‌ನ ಚರ್ಚ್‌ಗೆ ಕರೆಯೋದೂ ಅದೇ ಕಾರಣಕ್ಕೆ. ಬರಲ್ಲ ಅಂತ ನೇರವಾಗಿ ಹೇಳಿದ್ರೆ ಬೇಜಾರು ಮಾಡ್ಕೊಳ್ಳಲ್ಲ, ನಮ್ಮೋರ ಥರ "ನೋಡೋಣ" ಅಂದ್ರೆ ಮಾತ್ರ ಮುಂದಿನ ವಾರ ಮತ್ತೆ ಕೇಳ್ತಾರೆ.

ನಮ್ಮನೆಯೋರು ಇಳಿದ ದಿನ ಹೇಳ್ತೀನಿ. ಕ್ವಾಯರ್ ಹಿಂದೆ ಎತ್ತರದಲ್ಲಿ ಗಾಜಿನ ತೊಟ್ಟಿ, ನೀರು ಬೆಚ್ಚಗೆ ಮಾಡಿರ್ತಾರೆ, ಇವ್ರಿಗೆ ಬಿಳಿ ನಿಲುವಂಗಿ, ಪಾಸ್ಟರ್‌ಗೆ ಒಳಗಡೆ ಮೀನು ಹಿಡಿಯೋರು ಹಾಕ್ಕೊಳ್ಳೋ ಥರ ಎದೆವರೆಗೂ ರಬ್ಬರ್ ಪ್ಯಾಂಟು. ಮೂಗಿಗೆ ಕರ್ಚೀಫ್ ಇಟ್ಟು ಹಿಂದಕ್ಕೆ ಮಲಗಿಸಿ ಎತ್ತಿದ್ರು, ಎದ್ದ ತಕ್ಷಣ ಇಡೀ ಚರ್ಚು ಚಪ್ಪಾಳೆ. ನಮ್ಮನೆಯೋರ ಕಣ್ಣಲ್ಲಿ ನೀರು, ಅದು ತೊಟ್ಟಿ ನೀರಲ್ಲ ಅಂತ ನನಗೆ ಗೊತ್ತು. ಅವ್ರು ಮನಸಾರೆ ಇಳಿದ್ರು. ನಾನು ಇಳಿದಿದ್ರೆ ಬರೀ ಮೆಂಬರ್‌ಶಿಪ್‌ಗೋಸ್ಕರ ಇಳೀಬೇಕಿತ್ತು, ಅದು ನಾಟಕ ಆಗೋದು. ಅದೂ ಅಲ್ದೆ, ಮಗುವಾಗಿದ್ದಾಗ ದೀಕ್ಷಾಸ್ನಾನಕ್ಕೆ ನಮ್ಮಪ್ಪ ನನ್ನನ್ನ ಎತ್ಕೊಂಡು ನಿಂತಿದ್ದ ಆ ದಿನ ಸುಳ್ಳು ಅಂತ ಒಪ್ಕೊಳ್ಳೋಕೆ ನನ್ನಿಂದ ಆಗ್ಲಿಲ್ಲ.

ಮೆಂಬರ್ ಆಗ್ದಿದ್ರೆ ಏನು ಕಳ್ಕೋತೀಯ? ಓಟು. ಇಲ್ಲಿ ಬಿಷಪ್ ಇಲ್ಲ ತಂಗಿ, ಡಯಾಸಿಸ್‌ನಿಂದ (ಬಿಷಪ್ ಕೈಕೆಳಗಿನ ಪ್ರಾಂತ್ಯ) ಪಾಸ್ಟರ್‌ಗೆ ಟ್ರಾನ್ಸ್‌ಫರ್ ಬರೋದಿಲ್ಲ. ಪಾಸ್ಟರ್ ಯಾರು, ಬಜೆಟ್ ಎಷ್ಟು, ಎಲ್ಲಾ ಮೆಂಬರ್‌ಗಳು ಕೈ ಎತ್ತಿ ತೀರ್ಮಾನ ಮಾಡ್ತಾರೆ, ಒಂದ್ಸಲ ಕಾರ್ಪೆಟ್ ಬಣ್ಣಕ್ಕೆ ಮುಕ್ಕಾಲು ಗಂಟೆ ವಾದ ಆಗಿದ್ದನ್ನ ಹಿಂದಿನ ಬೆಂಚಲ್ಲಿ ಕೂತು ನೋಡಿದೀನಿ. ಒಂದೊಂದು ಚರ್ಚೂ ಸ್ವತಂತ್ರ, ಈ ಚರ್ಚ್‌ಗಳೆಲ್ಲಾ ಸೇರಿರೋ ಒಕ್ಕೂಟ, ಸದರ್ನ್ ಬ್ಯಾಪ್ಟಿಸ್ಟ್ ಕನ್ವೆನ್ಷನ್, ಯಾರ ಮೇಲೂ ಅಧಿಕಾರ ಮಾಡೋ ಹಾಗಿಲ್ಲ, ಒಪ್ಪದಿದ್ರೆ ಸಂಬಂಧ ಕಡ್ಕೊಳ್ಬಹುದು ಅಷ್ಟೆ. ಎಲ್ಲಾರನ್ನೂ ಒಟ್ಟಿಗೆ ಹಿಡಿದಿರೋದು ಮುಖ್ಯವಾಗಿ ಮಿಷನ್ ಕೆಲಸದ ದುಡ್ಡು, 1925ರಿಂದ ಚರ್ಚ್‌ಗಳು ಕಾಣಿಕೆಯಲ್ಲಿ ಒಂದು ಪಾಲು ಕಳಿಸ್ತಾ ಬಂದಿವೆ. ಆ ದುಡ್ಡು ಎಲ್ಲಿಗೆ ಹೋಗುತ್ತೆ ಅಂತೀಯಾ, ನಮ್ಮ ಹೆಬ್ಬಾಳದ ಬ್ಯಾಪ್ಟಿಸ್ಟ್ ಆಸ್ಪತ್ರೆ 1973ರಲ್ಲಿ ಶುರು ಮಾಡಿದ್ದು ಇದೇ ಸದರ್ನ್ ಬ್ಯಾಪ್ಟಿಸ್ಟರ ಮಿಷನ್. ನಾನು ಇದನ್ನ ಆ ಅಜ್ಜಿಗೆ ಹೇಳಿ, ನಮ್ಮ ಚಿಕ್ಕಮ್ಮನ ಮಗ ಹುಟ್ಟಿದ್ದು ಅಲ್ಲೇ ಅಂದಾಗ, ಅವ್ರು ಎದ್ದು ನಿಂತು ಇಡೀ ಕ್ಲಾಸಿಗೆ ಹೇಳಿದ್ರು, ಚಿಕ್ಕ ವಯಸ್ಸಿಂದ ಕೊಟ್ಟ ಕಾಣಿಕೆಗೆ ರಸೀತಿ ಸಿಕ್ಕಿದ ಹಾಗೆ!

ಇನ್ನು ನಿನಗೆ ಇರುಸುಮುರುಸು ಆಗೋ ವಿಷಯ. "ಬ್ಯಾಪ್ಟಿಸ್ಟ್ ಫೇತ್ ಅಂಡ್ ಮೆಸೇಜ್" ಅಂತ ಅವ್ರ ನಂಬಿಕೆಗಳ ಹೇಳಿಕೆ ಇದೆ, 1925ರದ್ದು, 1963ರಲ್ಲೂ 2000ದಲ್ಲೂ ತಿದ್ದಿದ್ದಾರೆ. ಚಿಕ್ಕದು, ಒಂದು ಕಾಫಿ ಕುಡಿಯೋಷ್ಟರಲ್ಲಿ ಓದಿ ಮುಗಿಯುತ್ತೆ, ಓದ್ದೇ ಸೈನ್ ಮಾಡ್ಬೇಡ. ಸತ್ಯವೇದದಲ್ಲಿ ತಪ್ಪೇ ಇಲ್ಲ, ನಿಜವಾಗಿ ರಕ್ಷಣೆ ಆದೋರು ಅದನ್ನ ಕಳ್ಕೊಳ್ಳಲ್ಲ, ಕರ್ತನ ಭೋಜನ ನೆನಪಿನ ಗುರುತು ಮಾತ್ರ, ಸರ್ಕಾರ ಬೇರೆ ಸಭೆ ಬೇರೆ ಇರ್ಬೇಕು, ಇವೆಲ್ಲಾ ಅದ್ರಲ್ಲಿದೆ. ಹೆಂಡತಿ ಗಂಡನ ನಾಯಕತ್ವಕ್ಕೆ ಒಳಪಡ್ಬೇಕು ಅನ್ನೋದು 1998ರಲ್ಲಿ ಸೇರಿದ್ದು, ಪಾಸ್ಟರ್ ಗಂಡಸೇ ಆಗಿರ್ಬೇಕು ಅನ್ನೋದು 2000ದಲ್ಲಿ. ಅದೇ ವರ್ಷ ಜಿಮ್ಮಿ ಕಾರ್ಟರ್, ಮಾಜಿ ಪ್ರೆಸಿಡೆಂಟು, ಜೀವನ ಪೂರ್ತಿ ಸಂಡೇ ಸ್ಕೂಲ್ ಹೇಳ್ಕೊಟ್ಟೋರು, ಈ ಕನ್ವೆನ್ಷನ್‌ನಿಂದ ದೂರ ಸರಿದ್ರು. 2023ರಲ್ಲಿ ಹೆಂಗಸ್ರನ್ನ ಪಾಸ್ಟರ್ ಮಾಡಿದ್ದಕ್ಕೆ ಕ್ಯಾಲಿಫೋರ್ನಿಯಾದ ಸ್ಯಾಡಲ್‌ಬ್ಯಾಕ್ ಅನ್ನೋ ದೊಡ್ಡ ಚರ್ಚನ್ನೇ ಹೊರಗೆ ಹಾಕಿದ್ರು. ನಮ್ಮ ಸಿಎಸ್‌ಐನಲ್ಲಿ 2013ರಲ್ಲೇ ಹೆಂಗಸು ಬಿಷಪ್ ಆದ್ರು ಅಂದಾಗ ನಮ್ಮ ಕ್ಲಾಸಲ್ಲಿ ಯಾರೂ ಮಾತಾಡ್ಲಿಲ್ಲ, ಆಮೇಲೆ ಪಾರ್ಕಿಂಗ್‌ನಲ್ಲಿ ಇಬ್ರು ಹೆಂಗಸ್ರು ಬಂದು, ಅದು ಹೇಗಿರುತ್ತೆ ಹೇಳು ಅಂತ ಮೆತ್ತಗೆ ಕೇಳಿದ್ರು.

ಚರಿತ್ರೆನೂ ಗೊತ್ತಿರ್ಲಿ. 1845ರಲ್ಲಿ ಈ ಕನ್ವೆನ್ಷನ್ ಉತ್ತರದ ಬ್ಯಾಪ್ಟಿಸ್ಟರಿಂದ ಬೇರೆಯಾಗಿದ್ದೇ ಗುಲಾಮರನ್ನ ಇಟ್ಕೊಂಡಿರೋರು ಮಿಷನರಿ ಆಗ್ಬಹುದಾ ಅನ್ನೋ ಜಗಳದಿಂದ, ಕ್ಷಮೆ ಕೇಳಿದ್ದು 1995ರಲ್ಲಿ. 2022ರಲ್ಲಿ ಬಂದ ತನಿಖಾ ವರದಿ, ಲೈಂಗಿಕ ದೌರ್ಜನ್ಯದ ದೂರುಗಳನ್ನ ಮೇಲಿನೋರು ವರ್ಷಗಟ್ಟಲೆ ಕಡೆಗಣಿಸಿದ್ರು ಅಂತ ಹೇಳ್ತು. ಅದಕ್ಕೆ ಪಾಪುನ ಸಮ್ಮರ್ ಬೈಬಲ್ ಕ್ಲಾಸಿಗೆ ಬಿಡೋ ಮುಂಚೆ, ರೂಮಲ್ಲಿ ಯಾವಾಗ್ಲೂ ಇಬ್ರು ದೊಡ್ಡೋರು ಇರ್ತಾರಾ, ವಾಲಂಟಿಯರ್‌ಗಳ ಬ್ಯಾಕ್‌ಗ್ರೌಂಡ್ ಚೆಕ್ ಆಗಿದ್ಯಾ, ಮಗು ಬೆನ್ನಿನ ಸ್ಟಿಕರ್ ನಂಬರೂ ನಿನ್ನ ಚೀಟಿ ನಂಬರೂ ನೋಡಿಯೇ ಮಗುನ ಕೊಡ್ತಾರಾ, ಬಾಯಿಬಿಟ್ಟು ಕೇಳು. ಒಳ್ಳೇ ಚರ್ಚ್ ಆದ್ರೆ ಕೇಳಿದ್ದಕ್ಕೆ ಖುಷಿ ಪಡ್ತಾರೆ.

ಇಷ್ಟೆಲ್ಲಾ ಇದ್ದೂ ಯಾಕೆ ಹೋಗ್ತೀಯ ಅಂದ್ರೆ, ನನಗೆ ಆಪರೇಷನ್ ಆದಾಗ ಎರಡು ವಾರ ದಿನಾ ಸಂಜೆ ಬಾಗಿಲಲ್ಲಿ ಊಟದ ಡಬ್ಬ ಇರ್ತಿತ್ತು, ಉಪ್ಪು ಖಾರ ಏನೂ ಇರ್ಲಿಲ್ಲ ಬಿಡು, ಆದ್ರೆ ನನ್ನ ಹೆಸ್ರು ಮೆಂಬರ್ ಲಿಸ್ಟಲ್ಲಿ ಇದ್ಯಾ ಅಂತ ಒಬ್ರೂ ನೋಡ್ಲಿಲ್ಲ.

ಅಮ್ಮಂಗೆ ಫೋನ್ ಮಾಡಿ, ಸದ್ಯಕ್ಕೆ ಯಾವ ತೊಟ್ಟಿಗೂ ಇಳೀತಿಲ್ಲ ಅಂತ ಹೇಳು. ಪಾಸ್ಟರ್‌ಗೂ ಅದನ್ನೇ ಹೇಳು, ಕಾರಣ ಸಮೇತ. ಭಾನುವಾರ 11ರ ಸರ್ವಿಸ್‌ಗಿಂತ 9:30ರ ಕ್ಲಾಸಿಗೆ ಹೋಗು, ಜನ ಪರಿಚಯ ಆಗೋದು ಅಲ್ಲೇ. ಸ್ವೆಟರ್ ಮರೀಬೇಡ, ಜುಲೈನಲ್ಲೂ ಒಳಗೆ ಎಸಿ ನಡುಗಿಸುತ್ತೆ.